ಒಂದು ರೊಟ್ಟಿಗೆ ಎಷ್ಟು ಕೀಲು?

ಬೆಳಗಿನ ಜಾವ ಹಳೆ ಹುಬ್ಬಳ್ಳಿಯ ಯಾವುದಾದರೂ ಓಣಿಯಲ್ಲಿ ನಡೆದು ನೋಡಿ. ಹಾಲಿನವರು ಇನ್ನೂ ಬಂದಿರುವುದಿಲ್ಲ. ಆದರೆ ಕಿಟಕಿಗಳ ಒಳಗಿನಿಂದ ಒಂದು ಸದ್ದು ಆಗಲೇ ಶುರುವಾಗಿರುತ್ತದೆ. ಮೊದಲು ಮೆತ್ತನೆ ಹಿಟ್ಟಿನ ಮೇಲೆ ಅಂಗೈ ಬೀಳುವ ಮಂದ ಸದ್ದು. ಹಿಟ್ಟು ತೆಳ್ಳಗಾದಂತೆ ಬಡಿತ ಗಟ್ಟಿಯಾಗುತ್ತ, ಚುರುಕಾಗುತ್ತ ಹೋಗುತ್ತದೆ. ಕೊನೆಗೆ ಒಂದು ಗಳಿಗೆ ಮೌನ. ಆ ಮೌನದಲ್ಲಿ ರೊಟ್ಟಿ ಅಂಗೈ ಮೇಲೆ ಏರಿ ಹಂಚಿಗೆ ಹೋಗಿರುತ್ತದೆ. ಓಣಿಯಲ್ಲಿ ಬಹಳ ವರ್ಷ ಬಾಳಿದವರು ಈ ಸದ್ದಿನ ಮೇಲೆಯೇ ಇದು ಯಾರ ಮನೆ, ಯಾರ ಕೈ ಎಂದು ಹೇಳಿಬಿಡುತ್ತಾರೆ.

ಧಾರವಾಡದ ಮನೆಗಳಲ್ಲೂ ಇದೇ ಸದ್ದು. ಖಾನಾವಳಿಗಳಲ್ಲಿ ಅದು ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ನಿಲ್ಲುವುದಿಲ್ಲ. ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಮನೆಗಳಲ್ಲಂತೂ ದಿನವಿಡೀ.

ಜೋಳದ ಹಿಟ್ಟಿಗೆ ಗೋಧಿಗಿರುವ ಜಿಗುಟು ಇಲ್ಲ. ಗ್ಲುಟೆನ್ ಎಂಬ ಆ ಅಂಟು ಇಲ್ಲದ ಕಾರಣಕ್ಕೇ ಕುದಿಯುವ ಎಸರು ಹಾಕಿ, ಹಿಟ್ಟಿನೊಳಗಿನ ಪಿಷ್ಟ ಉಬ್ಬಿ ಅಂಟಿಕೊಳ್ಳುವಂತೆ ನಾದಬೇಕು. ಅಷ್ಟಾದರೂ ಚಪಾತಿಯಂತೆ ಎಳೆದರೆ ಅಂಚು ಬಿರಿಯುತ್ತದೆ. ಅದಕ್ಕೇ ಬಡಿಯುವುದು. ಒಂದು ಕೈ ಬಡಿಯುತ್ತ, ಇನ್ನೊಂದು ಅಂಚು ಹಿಡಿದು ತಿರುಗಿಸುತ್ತ, ಬಿರುಕು ಕಂಡಲ್ಲಿ ಬೆರಳಿನಿಂದ ಮುಚ್ಚುತ್ತ ಹೋಗಬೇಕು. ಒಂದು ರೊಟ್ಟಿಗೆ ಹತ್ತಾರು ಬಡಿತ. ಐದಾರು ಮಂದಿಯ ಮನೆಗೆ ಒಂದು ಹೊತ್ತಿಗೆ ನೂರಾರು.

ಇಷ್ಟನ್ನು ಮಾಡಿದ್ದು ಯಾವುದು ಎಂದು ಕೇಳಿದರೆ ಎಲ್ಲರೂ ‘ಕೈ’ ಎನ್ನುತ್ತಾರೆ. ಕೈ ಎಂದಾಗ ನಮ್ಮ ಕಣ್ಣು ಅಂಗೈಗೂ ಬೆರಳಿಗೂ ಹೋಗುತ್ತದೆ. ಕೆಲಸ ಶುರುವಾಗುವುದು ಅಲ್ಲಿಂದ ಬಹಳ ಮೇಲೆ, ಬೆನ್ನ ಹಿಂದೆ.

ಕೊರಳ ಕೆಳಗಿನ ಎಲುಬಿನಿಂದ ಬೆರಳ ತುದಿಯವರೆಗೆ ಎಣಿಸಿದರೆ ಒಂದು ಬದಿಗೆ 32 ಎಲುಬು. ಕೊರಳಿನ ಕೆಳಗೆ ಅಡ್ಡಲಾಗಿರುವ, ಎಲ್ಲರೂ ಕಾಲರ್ ಬೋನ್ ಎನ್ನುವ ಎಲುಬು ಒಂದು, ಬೆನ್ನ ಮೇಲಿನ ಚಪ್ಪಟೆ ಎಲುಬು ಒಂದು, ರಟ್ಟೆಯದು ಒಂದು, ಮುಂಗೈಯವು ಎರಡು, ಮಣಿಕಟ್ಟಿನಲ್ಲಿ ಬೆಣಚುಕಲ್ಲಿನಂಥ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಈ ಇಡೀ ಸರಪಳಿ ಮುಂಡದ ಎಲುಬಿಗೆ ಕೀಲಾಗಿ ಸೇರುವುದು ಒಂದೇ ಒಂದು ಕಡೆ, ಕೊರಳ ತಗ್ಗಿನ ಪಕ್ಕದಲ್ಲಿ. ಬೆರಳಿಟ್ಟು ಒತ್ತಿ ನೋಡಿದರೆ ಆ ಗಂಟು ಸಿಗುತ್ತದೆ. ಹೆಗಲು ಕುಣಿಸಿದರೆ ಬೆರಳ ಕೆಳಗೆ ಅದು ಅಲುಗುವುದೂ ತಿಳಿಯುತ್ತದೆ. ಉಳಿದಂತೆ ನಮ್ಮ ಕೈ ಮೈಗೆ ಅಂಟಿರುವುದು ಬರಿಯ ಸ್ನಾಯುಗಳ ಬಲದಿಂದ.

ಬಸಿಯ ಮೇಲೊಂದು ಮೋಸಂಬಿ

ತೊಡೆಯ ಎಲುಬಿನ ಗುಂಡು ಸೊಂಟದ ಗುಳಿಯಲ್ಲಿ ಆಳವಾಗಿ ಕೂತಿರುತ್ತದೆ, ಬಟ್ಟಲೊಳಗೆ ಕೂತ ಲಾಡುವಿನ ಹಾಗೆ. ಹೆಗಲಲ್ಲಿ ಹಾಗಿಲ್ಲ. ರಟ್ಟೆಯ ಎಲುಬಿನ ಮೇಲ್ತುದಿ ದೊಡ್ಡ ಗುಂಡು, ಅದಕ್ಕೆ ಸಿಕ್ಕ ಗುಳಿ ಚಿಕ್ಕದು, ಆಳವೂ ಇಲ್ಲ. ಚಹಾದ ಬಸಿಯ ಮೇಲೆ ಮೋಸಂಬಿ ಇಟ್ಟಂತೆ. ಯಾವುದೇ ಗಳಿಗೆಯಲ್ಲಿ ಆ ಗುಂಡಿನ ಸುಮಾರು ಮೂರನೇ ಒಂದು ಭಾಗವಷ್ಟೇ ಗುಳಿಗೆ ತಾಗಿರುತ್ತದೆ.

ಇದರಿಂದ ಸಿಕ್ಕಿದ್ದು ಅಪಾರ ಓಡಾಟ. ಅಟ್ಟದ ಮೇಲಿನ ಡಬ್ಬಿ ಇಳಿಸಬಹುದು, ಬೆನ್ನು ತುರಿಸಿಕೊಳ್ಳಬಹುದು, ಕಚ್ಚೆಯನ್ನು ಹಿಂದಕ್ಕೆ ಒಯ್ದು ಸಿಕ್ಕಿಸಬಹುದು. ತೆತ್ತ ಬೆಲೆಯೂ ಇದೆ. ದೇಹದ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಜಾರುವುದು ಹೆಗಲೇ.

ಮೋಸಂಬಿ ಬಸಿಯಿಂದ ಉರುಳದಂತೆ ಹಿಡಿದಿಡಲು ನಾಲ್ಕು ಸ್ನಾಯುಗಳಿವೆ. ಅವುಗಳ ತುದಿಗಳು ಒಂದಾಗಿ ಗುಂಡಿನ ಸುತ್ತ ಕುಂಚಿಗೆಯಂತೆ ಕಟ್ಟಿಕೊಂಡಿವೆ. ಹೊರಗಿನ ದೊಡ್ಡ ಸ್ನಾಯು ಕೈಯನ್ನು ಮೇಲೆತ್ತುವಾಗ ಈ ನಾಲ್ಕೂ ಸೇರಿ ಗುಂಡನ್ನು ಬಸಿಯ ನಡುವಿಗೆ ಎಳೆದುಕೊಂಡೇ ಇರಬೇಕು. ಎಳೆಯದಿದ್ದರೆ ಗುಂಡು ಮೇಲಕ್ಕೆ ಸರಿದು, ಹೆಗಲ ತುದಿಯ ಎಲುಬಿನ ಚಾವಣಿಗೆ ತಾಗುತ್ತದೆ. ಅಷ್ಟು ಇಕ್ಕಟ್ಟಿನ ಜಾಗ ಅದು.

ಎಷ್ಟು ಇಕ್ಕಟ್ಟು ಎಂದು ಈಗಲೇ ನೋಡಬಹುದು. ಅಂಗೈ ನೆಲ ನೋಡುವಂತೆ, ಹೆಬ್ಬೆರಳು ಮುಂದಕ್ಕೆ ಇರುವಂತೆ ಕೈಯನ್ನು ಪಕ್ಕದಿಂದ ಮೇಲೆತ್ತಿ. ಹೆಗಲ ಮಟ್ಟ ದಾಟುತ್ತಲೇ ಎಲ್ಲೋ ಒಂದು ಕಡೆ ಬಿಗಿಯುತ್ತದೆ. ಈಗ ಅಂಗೈಯನ್ನು ಆಕಾಶದ ಕಡೆ ತಿರುಗಿಸಿ ಎತ್ತಿ. ಸರಾಗವಾಗಿ ಕಿವಿಯವರೆಗೆ ಹೋಗುತ್ತದೆ. ಅಂಗೈ ತಿರುಗಿಸಿದಾಗ ರಟ್ಟೆಯ ಎಲುಬೂ ಹೊರಕ್ಕೆ ತಿರುಗಿ, ಅದರ ಮೇಲಿನ ಉಬ್ಬು ಚಾವಣಿಯ ದಾರಿಯಿಂದ ಪಕ್ಕಕ್ಕೆ ಸರಿಯಿತು. ತಲೆ ಬಾಚುವಾಗ, ಅಂಗಿ ತೊಡುವಾಗ, ಹಗ್ಗದ ಮೇಲೆ ಬಟ್ಟೆ ಹಾಕುವಾಗ ಈ ಹೊರತಿರುವನ್ನು ನಾವು ದಿನಕ್ಕೆ ನೂರು ಸಲ ಗೊತ್ತಿಲ್ಲದೇ ಮಾಡುತ್ತಿರುತ್ತೇವೆ. ಈ ಒಂದು ತಿರುವು ಹೋದರೆ ಏನೇನು ಹೋಗುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಬೆನ್ನ ಮೇಲಿನ ಜೊತೆಗಾರ

ಆ ಬಸಿಯಾದರೂ ಒಂದೇ ಕಡೆ ಇರುವುದಿಲ್ಲ. ಬೆನ್ನಿನ ಮೇಲ್ಭಾಗದಲ್ಲಿ ಪಕ್ಕೆಲುಬುಗಳ ಮೇಲೆ ಜಾರಾಡುವ ಮೂರು ಮೂಲೆಯ ಚಪ್ಪಟೆ ಎಲುಬಿನ ಅಂಚಿನಲ್ಲಿ ಅದಿದೆ. ಇದನ್ನು ಹೆಗಲ ಹಲಗೆ ಎನ್ನೋಣ. ಕೈ ಮೇಲೇಳುವಾಗ ಹಲಗೆಯೂ ತಿರುಗಿ ಬಸಿಯ ಮುಖವನ್ನು ಮೇಲಕ್ಕೆ ಮಾಡುತ್ತದೆ.

ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಹೆಗಲಿನ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದ. ರಟ್ಟೆ ಮತ್ತು ಹಲಗೆ ಒಂದಕ್ಕೊಂದು ಲಯ ಹೊಂದಿಸಿಕೊಂಡು ಚಲಿಸುತ್ತವೆ ಎಂದು ಅದರಲ್ಲಿ ತೋರಿಸಿದ. ಹತ್ತು ವರ್ಷದ ನಂತರ, 1944ರಲ್ಲಿ, ಅಮೆರಿಕದ ಇನ್ಮನ್ ಮತ್ತು ಜೊತೆಗಾರರು ಅದಕ್ಕೆ ಲೆಕ್ಕ ಕೊಟ್ಟರು: ಎರಡಕ್ಕೆ ಒಂದು. ಕೈ ನೇರ ಮೇಲಕ್ಕೆ, ಅಂದರೆ 180 ಡಿಗ್ರಿ ಏರಿದರೆ ಅದರಲ್ಲಿ ಸುಮಾರು 120 ಡಿಗ್ರಿ ಹೆಗಲ ಕೀಲಿನದು, 60 ಡಿಗ್ರಿ ಹಲಗೆಯದು. ಮನುಷ್ಯರಿಂದ ಮನುಷ್ಯರಿಗೆ, ಎತ್ತರದಿಂದ ಎತ್ತರಕ್ಕೆ ಈ ಪಾಲು ಬದಲಾಗುತ್ತದೆ ಎಂದು ಮುಂದಿನ ಅಳತೆಗಳು ಹೇಳಿದವು. ಆದರೂ ಎರಡಕ್ಕೆ ಒಂದು ಎಂಬ ಲೆಕ್ಕ ಇಂದಿಗೂ ವೈದ್ಯಕೀಯ ಪಾಠದಲ್ಲಿದೆ.

ತಬಲಾದ ಎಡ-ಬಲ ಕೇಳಿ ಬೆಳೆದ ಊರಿಗೆ ಇದು ಹೊಸ ಮಾತಲ್ಲ. ಬಲಗೈ ಎಷ್ಟೇ ಚೆನ್ನಾಗಿ ನುಡಿದರೂ ಎಡದ ಡಗ್ಗಾ ತಡವಾದರೆ ಠೇಕಾ ಕೆಡುತ್ತದೆ. ಹೆಗಲಲ್ಲೂ ಹಾಗೆಯೇ. ಹಲಗೆ ಹಿಂದೆ ಬಿದ್ದರೆ ಗುಂಡು ಚಾವಣಿಗೆ ಉಜ್ಜುತ್ತದೆ, ನಡುವೆ ಸಿಕ್ಕ ಸ್ನಾಯುರಜ್ಜು ಸವೆಯುತ್ತದೆ.

ಹಲಗೆ ಹಿಂದೆ ಬೀಳಲು ದೊಡ್ಡ ಕಾರಣವೇನೂ ಬೇಕಿಲ್ಲ, ಬೆನ್ನು ಬಾಗಿದರೆ ಸಾಕು. ಕುರ್ಚಿಯಲ್ಲಿ ಗೂನು ಮಾಡಿಕೊಂಡು ಕೂತು ಎರಡೂ ಕೈ ಮೇಲೆತ್ತಿ. ಎಲ್ಲಿ ನಿಂತವು ಎಂದು ನೋಡಿಕೊಳ್ಳಿ. ಈಗ ಬೆನ್ನು ನೆಟ್ಟಗೆ ಮಾಡಿ ಎತ್ತಿ. ಕೈ ಅದೇ, ಹೆಗಲು ಅದೇ. ಬೆನ್ನು ಮಾತ್ರ ಬದಲಾಯಿತು. ವಯಸ್ಸಾದ ಮೇಲೆ ದೇವರ ಮಾಡಿನ ಗಂಟೆ ಎಟುಕದಿರುವುದಕ್ಕೆ ಎಷ್ಟೋ ಸಲ ಹೆಗಲಿಗಿಂತ ಬೆನ್ನಿನದೇ ತಪ್ಪು.

ಧಾರವಾಡ ಮೇಷ್ಟ್ರುಗಳ ಊರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದಾಗಿನಿಂದ ಇಲ್ಲಿ ಎಷ್ಟು ಕೈಗಳು ಕರಿಹಲಗೆಯ ಮೇಲ್ತುದಿಗೆ ಚಾಚಿಕೊಂಡು ಬರೆದಿವೆಯೋ! ಹೆಗಲಿನ ಮಟ್ಟಕ್ಕಿಂತ ಮೇಲೆ ಕೈ ಹಿಡಿದು ಬರೆಯುವಾಗ ಸೀಮೆಸುಣ್ಣದ ಭಾರ ಏನೂ ಅಲ್ಲ, ಕೈಯ ಸ್ವಂತ ಭಾರವೇ ಭಾರ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು ನಿಂತವರದೂ ಇದೇ ಪಾಡು. ಎತ್ತರ ಕಡಿಮೆ ಇದ್ದವರು ಮೇಲಿನ ಹಿಡಿಕೆಯನ್ನು ಬಿಟ್ಟು, ನಿಲುಗಂಬವನ್ನು ಎದೆಮಟ್ಟದಲ್ಲಿ ಹಿಡಿದರೆ ಹೆಗಲಿಗೆ ಬಹಳ ಸುಖ.

ಮೊಣಕೈ ಮತ್ತು ಬಾಯಿಯ ನಡುವಿನ ದೂರ

ಮೊಣಕೈ ಬಾಗಿಲಿನ ತಿರುಗಣೆಯಂತೆ ಮಡಚುತ್ತದೆ, ಬಿಚ್ಚುತ್ತದೆ. ಅದರ ಜೊತೆಗೇ ಇನ್ನೊಂದು ಕೆಲಸ ಅಡಗಿದೆ. ಮುಂಗೈಯಲ್ಲಿ ಎರಡು ಎಲುಬು ಪಕ್ಕಪಕ್ಕ ಇವೆ. ಅಂಗೈ ಮಗುಚಿದಾಗ ಹೆಬ್ಬೆರಳಿನ ಬದಿಯ ಎಲುಬು ಇನ್ನೊಂದರ ಮೇಲೆ ಹೊರಳಿಕೊಂಡು ಅಡ್ಡ ಬರುತ್ತದೆ. ತಂಬಿಗೆಯಿಂದ ನೀರು ಸುರಿಯುವುದು, ಕೀಲಿ ತಿರುಗಿಸುವುದು, ಹಂಚಿನ ಮೇಲೆ ರೊಟ್ಟಿ ಹೊರಳಿಸುವುದು ಎಲ್ಲ ಈ ಹೊರಳುವಿಕೆಯಿಂದ.

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1981ರಲ್ಲಿ ಒಂದು ಅಳತೆ ಪ್ರಕಟಿಸಿದರು. ಆರೋಗ್ಯವಂತ 33 ಮಂದಿಗೆ ದಿನನಿತ್ಯದ 15 ಕೆಲಸ ಮಾಡಿಸಿ ಮೊಣಕೈಯ ಕೋನ ಅಳೆದರು. ಮೊಣಕೈ ಪೂರ್ತಿ ಚಾಚಿ ಪೂರ್ತಿ ಮಡಚಬಲ್ಲದು ನಿಜ. ಆದರೆ ಹೆಚ್ಚಿನ ಕೆಲಸಗಳಿಗೆ 30ರಿಂದ 130 ಡಿಗ್ರಿಯ ನಡುವಿನ ನೂರು ಡಿಗ್ರಿ ಸಾಕು, ಅಂಗೈ ಆಚೀಚೆ ಹೊರಳಲು ಐವತ್ತೈವತ್ತು ಸಾಕು ಎಂದು ಕಂಡುಬಂತು. ಆಗ ಮೊಬೈಲ್ ಇರಲಿಲ್ಲ. 2011ರಲ್ಲಿ ಮತ್ತೆ ಅಳೆದಾಗ ಮೊಬೈಲನ್ನು ಕಿವಿಗೆ ಹಿಡಿಯಲು 130 ಡಿಗ್ರಿಯೂ ಸಾಲದೆಂದು ತಿಳಿಯಿತು.

ಈ ಅಂಕಿಗಳನ್ನು ನಮ್ಮ ಊಟದ ತಾಟಿನ ಮುಂದೆ ತಂದು ನೋಡಬೇಕು. ಹುಬ್ಬಳ್ಳಿಯಲ್ಲಿ ಬೆಳೆದ ಯಾರಾದರೂ ಬಲಗೈ ಒಂದರಿಂದಲೇ ರೊಟ್ಟಿ ಮುರಿಯುವುದನ್ನು ಹತ್ತಿರದಿಂದ ನೋಡಿ. ಕಿರುಬೆರಳು, ಉಂಗುರದ ಬೆರಳು ರೊಟ್ಟಿಯನ್ನು ತಾಟಿಗೆ ಒತ್ತಿ ಹಿಡಿಯುತ್ತವೆ. ಹೆಬ್ಬೆರಳು, ತೋರುಬೆರಳು ಅಂಚನ್ನು ಹಿಡಿದು ಮೇಲಕ್ಕೆ ತಿರುವುತ್ತವೆ. ಮುಂಗೈ ಒಂದಿಷ್ಟು ಹೊರಳುತ್ತದೆ, ತುಂಡು ಬಿಡುತ್ತದೆ. ಆ ತುಂಡು ಎಣ್ಣೆಗಾಯಿಯನ್ನು ಹಿಡಿದು ಮೇಲೇಳುವಾಗ ನೆಲ ನೋಡುತ್ತಿದ್ದ ಅಂಗೈ ನಿಧಾನಕ್ಕೆ ಮುಖದ ಕಡೆ ತಿರುಗುತ್ತದೆ, ಮೊಣಕೈ ಬಹಳಷ್ಟು ಮಡಚಿಕೊಳ್ಳುತ್ತದೆ. ಎಡಗೈ ಏನೂ ಮಾಡದೆ ತೊಡೆಯ ಮೇಲಿರುತ್ತದೆ.

ಪೆಟ್ಟಾಗಿಯೋ ಪ್ಲಾಸ್ಟರ್ ಹಾಕಿಯೋ ಮೊಣಕೈ ತೊಂಬತ್ತು ಡಿಗ್ರಿಯಲ್ಲೇ ನಿಂತುಬಿಟ್ಟವರು ಬರೆಯಬಲ್ಲರು, ಹಿಟ್ಟು ನಾದಬಲ್ಲರು, ಕಂಪ್ಯೂಟರ್ ಕೀಲಿ ಒತ್ತಬಲ್ಲರು. ತುತ್ತು ಮಾತ್ರ ಬಾಯಿಗೆ ಬರುವುದಿಲ್ಲ. ಮಡಚುವ ಕೊನೆಯ ಮೂವತ್ತು ನಲವತ್ತು ಡಿಗ್ರಿ ಇರುವುದು ಹೆಚ್ಚಾಗಿ ನಮಗಾಗಿ: ಉಣ್ಣಲು, ಮುಖ ತೊಳೆಯಲು, ಕಿವಿಯೋಲೆ ಹಾಕಿಕೊಳ್ಳಲು.

ಮಣಿಕಟ್ಟಿನ ಓರೆ ದಾರಿ, ಹೆಬ್ಬೆರಳಿನ ಜೀನು

ಬೆರಳುಗಳನ್ನು ಮಡಚುವ, ಚಾಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಎಡಗೈಯಿಂದ ಬಲ ಮುಂಗೈ ಹಿಡಿದು ಬಲಗೈ ಬೆರಳು ಆಡಿಸಿ, ಒಳಗೆ ಹಗ್ಗಗಳು ಎಳೆದಾಡುವುದು ತಿಳಿಯುತ್ತದೆ. ಗೊಂಬೆಯಾಟದವರು ಮೇಲೆ ನಿಂತು ದಾರ ಎಳೆದಂತೆ. ಆ ಹಗ್ಗಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಬರಬೇಕು. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ, ಬಿಗಿ ಬರುವುದಿಲ್ಲ. ಸ್ವಲ್ಪ ಹಿಂದಕ್ಕೆ ಬಾಗಿಸಿ ಕಟ್ಟಿ, ಗಟ್ಟಿ ಮುಷ್ಟಿ. ಹಿಂಡುವ, ನಾದುವ, ಹಿಡಿಯುವ ಕೆಲಸದಲ್ಲಿ ಮಣಿಕಟ್ಟು ತಾನಾಗಿಯೇ ಈ ಭಂಗಿಗೆ ಬರುತ್ತದೆ.

ಮಣಿಕಟ್ಟಿಗೆ ಇನ್ನೊಂದು ಇಷ್ಟದ ದಾರಿ ಇದೆ. ಮೇಲೆ-ಕೆಳಗೆ ನೇರವಾಗಿಯೂ ಅಲ್ಲ, ಎಡ-ಬಲವಾಗಿಯೂ ಅಲ್ಲ, ಓರೆಯಾಗಿ. ಸುತ್ತಿಗೆ ಎತ್ತಿ ಹೊಡೆಯುವಾಗ, ಸಗಣಿ ನೀರು ಚಳೆ ಹೊಡೆಯುವಾಗ, ತಂಬಿಗೆ ಬಗ್ಗಿಸುವಾಗ ಮಣಿಕಟ್ಟು ಹಿಂದೆ-ಹೆಬ್ಬೆರಳ ಬದಿಯಿಂದ ಮುಂದೆ-ಕಿರುಬೆರಳ ಬದಿಗೆ ಹೋಗುತ್ತದೆ. ಎಂಟು ಬೆಣಚುಕಲ್ಲುಗಳ ಎರಡು ಸಾಲಿನ ನಡುವೆ ಈ ಓರೆ ಚಲನೆ ಸಲೀಸಾಗಿ ಆಗುತ್ತದೆ. ರೊಟ್ಟಿ ಬಡಿಯುವ ಕೈಯೂ ಗಮನಿಸಿ ನೋಡಿದರೆ ನೇರ ಬೀಳುವುದಿಲ್ಲ, ಒಂದಿಷ್ಟು ಓರೆಯಾಗಿ ಬಿದ್ದು ಹಿಟ್ಟನ್ನು ಹೊರಕ್ಕೆ ದೂಡುತ್ತದೆ. ಇದನ್ನು ಯಾವ ಅವ್ವನೂ ಮಗಳಿಗೆ ಬಾಯಲ್ಲಿ ಹೇಳಿಕೊಟ್ಟಿಲ್ಲ.

ಹೆಬ್ಬೆರಳಿನ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಅದಕ್ಕೇ ಹೆಬ್ಬೆರಳು ಉಳಿದ ನಾಲ್ಕೂ ಬೆರಳುಗಳ ಎದುರು ಬಂದು ನಿಲ್ಲಬಲ್ಲದು. ಧಾರವಾಡದ ಕಸೂತಿ ನಿಂತಿರುವುದು ಈ ಕೀಲಿನ ಮೇಲೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆ ಹಾಕಬೇಕು, ಎರಡೂ ಬದಿ ಒಂದೇ ಸಮ ಕಾಣಬೇಕು. ತಾಸುಗಟ್ಟಲೆ ಸೂಜಿಯನ್ನು ಚಿವುಟಿ ಹಿಡಿದಾಗ ಬೆರಳ ತುದಿಯ ಒತ್ತಡ ಬುಡಕ್ಕೆ ಬರುವಷ್ಟರಲ್ಲಿ ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಬುಡ ಸವೆದು ನೋಯುವುದು ಹೆಂಗಸರಲ್ಲಿ ಹೆಚ್ಚು ಏಕೆ ಕಾಣುತ್ತದೆ ಎಂಬುದಕ್ಕೆ ವಯಸ್ಸು, ಹಾರ್ಮೋನು ಹೀಗೆ ಹಲವು ಕಾರಣ ಕೊಡುತ್ತಾರೆ. ಅಷ್ಟು ವರ್ಷದ ಚಿವುಟುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಧಾರವಾಡದ ಗರಗದಲ್ಲಿ ಖಾದಿ ನೂತು ನೇಯ್ದ ಕೈಗಳು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಕೈಗಳು ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಬೆಂಗೇರಿಯ ಖಾದಿ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಅಲ್ಲಿ ಸಿದ್ಧವಾಗುವ ಅತಿ ದೊಡ್ಡ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. ಅಷ್ಟು ಬಟ್ಟೆಯನ್ನು ಹೊಲಿಗೆ ಯಂತ್ರದ ಸೂಜಿಯ ಕೆಳಗೆ ನೇರವಾಗಿ ಸರಿಸುತ್ತ ಹೋಗುವುದು ಬೆರಳಿಗಿಂತ ಹೆಗಲ ಕೆಲಸ. ಸ್ವಾತಂತ್ರ್ಯ ದಿನದಂದು ಮೇಲೆ ನೋಡುವಾಗ ಇದು ನೆನಪಿಗೆ ಬಂದರೆ ಒಳ್ಳೆಯದು.

ನೀರು ಬಂದ ದಿನ

ಹುಬ್ಬಳ್ಳಿ-ಧಾರವಾಡದಲ್ಲಿ ಕೈಯ ದೊಡ್ಡ ಪರೀಕ್ಷೆ ನಡೆಯುವುದು ನಳಕ್ಕೆ ನೀರು ಬಂದ ದಿನ. 2008ರಲ್ಲಿ ಕೆಲವು ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸು ನೀರು ಕೊಡುವ ಪ್ರಯೋಗ ಶುರುವಾಯಿತು. ಉಳಿದ ಬಡಾವಣೆಗಳು ಮಲಪ್ರಭೆಯ ನೀರಿಗೆ ದಿನ ಎಣಿಸಿಕೊಂಡೇ ಬಂದವು. ಬಂದಾಗ ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ತುಂಬಬೇಕು, ಗಡಿಬಿಡಿಯಲ್ಲಿ.

ಇಲ್ಲಿ ಒಂದು ಸರಳ ಲೆಕ್ಕ ಗೊತ್ತಿರಬೇಕು. ಮೊಣಕೈ ಮಡಚುವ ಸ್ನಾಯು ಮುಂಗೈಯನ್ನು ಹಿಡಿದಿರುವುದು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು ಮೂವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಆಚೆ. ಹೀಗಾಗಿ ಮೊಣಕೈ ಮಡಚಿ 2 ಕಿಲೊ ಹಿಡಿದರೆ ಸ್ನಾಯು ಅದರ ಏಳೆಂಟು ಪಟ್ಟು, ಅಂದರೆ 15 ಕಿಲೊ ಆಸುಪಾಸು ಬಲ ಹಾಕಬೇಕು. ಅದೇ ಭಾರವನ್ನು ಕೈ ಚಾಚಿ ಹಿಡಿದರೆ ಹೆಗಲಿನ ಪಾಲಿಗೆ ಅದು ಇನ್ನೂ ಹೆಚ್ಚು.

ನಮ್ಮ ಹೆಣ್ಣುಮಕ್ಕಳು ಕೊಡವನ್ನು ಟೊಂಕದ ಮೇಲಿಟ್ಟುಕೊಳ್ಳುವುದು ಈ ಲೆಕ್ಕವನ್ನು ಅನುಭವದಿಂದ ಬಿಡಿಸಿದ ರೀತಿ. ಭಾರ ಸೊಂಟದ ಎಲುಬಿಗೆ ಇಳಿಯುತ್ತದೆ, ಕೈ ಅದರ ಕೊರಳು ಬಳಸಿ ಬೀಳದಂತೆ ನೋಡಿಕೊಂಡರೆ ಸಾಕು. ಇದಕ್ಕೆ ಹೋಲಿಸಿದರೆ ಪ್ಲಾಸ್ಟಿಕ್ ಬಕೆಟ್ಟು ಕೈಗೆ ಬಹಳ ಕೆಟ್ಟದ್ದು. ತೆಳ್ಳನೆಯ ಕಂಬಿ ಬೆರಳನ್ನು ಕೊಯ್ಯುತ್ತದೆ, ಭಾರವೆಲ್ಲ ಹೆಗಲಿನಿಂದ ಜೋತುಬೀಳುತ್ತದೆ, ಮೈ ಒಂದು ಕಡೆ ವಾಲುತ್ತದೆ. ಒಂದು ದೊಡ್ಡ ಬಕೆಟ್ಟಿಗಿಂತ ಎರಡು ಕೈಯಲ್ಲಿ ಎರಡು ಸಣ್ಣವು ಮೇಲು. ಮಹಡಿ ಮೆಟ್ಟಿಲು ಹತ್ತುವಾಗಲಂತೂ ಖಂಡಿತ.

ಅವ್ವನ ತುರುಬು

ಈ ಲೇಖನ ಬರೆಯಲು ಕಾರಣ ನಮ್ಮವ್ವ. ಕೆಲವು ವರ್ಷಗಳ ಹಿಂದಿನ ಮಾತು. ಊರಿಗೆ ಹೋದಾಗ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಬಂದು ಅವ್ವನ ತಲೆ ಬಾಚಿ ತುರುಬು ಕಟ್ಟಿ ಹೋದಳು. “ಯಾಕವ್ವಾ, ನೀನ ಕಟ್ಟಿಕೊಳ್ಳೂದಿಲ್ಲೇನು?” ಎಂದೆ. “ರಟ್ಟಿ ಮ್ಯಾಲೆ ಏಳವಲ್ದೊ. ನಾಕು ತಿಂಗಳಾತು” ಎಂದಳು. ನಾಲ್ಕು ತಿಂಗಳು! ಅಷ್ಟೂ ದಿನ ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಆಗಿತ್ತು. ಅದನ್ನೂ ಕೇಳಿದೆ. “ರೊಟ್ಟಿ ಬಡ್ಯಾಕ ಏನೂ ತ್ರಾಸಿಲ್ಲ. ತುರುಬ ಕಟ್ಟಾಕ ಬರವಲ್ದು, ಅಷ್ಟ.”

ಆ ‘ಅಷ್ಟ’ದಲ್ಲಿ ಇಡೀ ರೋಗವಿತ್ತು. ಅದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ, ಬಿಗಿದುಕೊಂಡ ಹೆಗಲು. ಆ ಹೆಸರನ್ನು ಕೊಟ್ಟವನೂ ಕಾಡ್‌ಮನ್ನನೇ, ಅದೇ 1934ರ ಪುಸ್ತಕದಲ್ಲಿ. ಹೆಗಲ ಕೀಲಿನ ಸುತ್ತ ಸಡಿಲ ಚೀಲದಂಥ ಪೊರೆ ಇದೆ. ಅದಕ್ಕೆ ಬಾವು ಬಂದು, ದಪ್ಪಗಾಗಿ, ತೊಳೆದ ಖಾದಿ ಬಟ್ಟೆಯಂತೆ ಕುಗ್ಗಿಬಿಡುತ್ತದೆ. ಹೆಚ್ಚಾಗಿ 40ರಿಂದ 60 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಥೈರಾಯ್ಡ್ ತೊಂದರೆ ಇದ್ದವರಲ್ಲೂ ಕಾಣುತ್ತದೆ. ಅವ್ವನಿಗೆ ಸಕ್ಕರೆ ಇತ್ತು.

ಮೊದಲು ನೋವು, ರಾತ್ರಿ ಆ ಮಗ್ಗುಲಾಗಿ ಮಲಗಲಾಗದಷ್ಟು. ನಂತರ ನೋವು ತುಸು ಇಳಿದು ಬಿಗಿತ. ಕೊನೆಗೆ ನಿಧಾನವಾಗಿ ಸಡಿಲು. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕಳೆದುಹೋಗುವ ಚಲನೆ ಮೇಲೆ ಹೇಳಿದ ಆ ಹೊರತಿರುವು. ಬೇರೆಯವರು ಹಿಡಿದು ತಿರುಗಿಸಿದರೂ ಕೈ ತಿರುಗುವುದಿಲ್ಲ. ಬರಿಯ ಸ್ನಾಯುರಜ್ಜು ಹರಿದಿದ್ದರೆ ಸಾಮಾನ್ಯವಾಗಿ ತಾನೇ ಎತ್ತಲಾಗದ ಕೈಯನ್ನು ಇನ್ನೊಬ್ಬರು ಎತ್ತಬಹುದು. ವೈದ್ಯರು ಮೊದಲು ನೋಡುವುದು ಇದನ್ನೇ.

ಈಗ ಅವ್ವನ ಮಾತಿಗೆ ಮರಳಿ ನೋಡಿ. ರೊಟ್ಟಿ ಬಡಿಯುವಾಗ ಮೊಣಕೈ ಪಕ್ಕೆಯ ಹತ್ತಿರವೇ ಇರುತ್ತದೆ, ಕೈ ಹೊಟ್ಟೆಯ ಮುಂದೆ ಆಡುತ್ತದೆ. ಹೆಗಲು ಅರ್ಧ ಬಿಗಿದಿದ್ದರೂ ಇದು ನಡೆಯುತ್ತದೆ. ಪಾತ್ರೆ ತೊಳೆಯುವುದು, ಕಾಯಿಪಲ್ಲೆ ಹೆಚ್ಚುವುದು, ಅಕ್ಕಿ ಆರಿಸುವುದು, ಹಿಟ್ಟು ನಾದುವುದು ಎಲ್ಲ ಮೈ ಮುಂದಿನ ಆ ಒಂದು ಮೊಳದ ಜಾಗದಲ್ಲೇ ಮುಗಿಯುತ್ತವೆ. ತುರುಬಿಗೆ ಕೈ ಮೇಲಕ್ಕೂ ಹೊರಕ್ಕೂ ತಿರುಗಿ ತಲೆಯ ಹಿಂದೆ ಹೋಗಬೇಕು. ಬೆನ್ನ ಹಿಂದಿನ ಹುಕ್ಕಿಗೆ ಒಳಕ್ಕೆ ತಿರುಗಿ ಬೆನ್ನ ಮೇಲೇರಬೇಕು. ಸೀರೆಯ ಕಚ್ಚೆ ಸಿಕ್ಕಿಸಲು ಹಿಂದಕ್ಕೆ ಹೋಗಬೇಕು. ಅಂದರೆ ಹೆಗಲು ಬಿಗಿದಾಗ ಮನೆಯ ಕೆಲಸ ಬಹುಪಾಲು ನಿಲ್ಲುವುದಿಲ್ಲ. ನಿಲ್ಲುವುದು ಆಕೆಯ ಸ್ವಂತದ ಕೆಲಸ. ಮನೆಯವರ ತಾಟಿಗೆ ಬಿಸಿ ರೊಟ್ಟಿ ಬರುತ್ತಲೇ ಇರುವಾಗ ಯಾರಿಗೆ ಅನುಮಾನ ಬರಬೇಕು? ನನಗೂ ಬರಲಿಲ್ಲ. ಆ ಸಂಕಟ ಈಗಲೂ ಇದೆ.

ನಮಗೆ ತಿಳಿಯುವುದಕ್ಕೆ ಮೊದಲೇ ಯಾರೋ ಎಣ್ಣೆ ಹಚ್ಚಿ ಕೈ ಜಗ್ಗಿದ್ದರು. ಬಾವು ಬಂದ ಕೀಲನ್ನು ಬಲವಂತವಾಗಿ ಜಗ್ಗಿದರೆ ನೋವು ಏರುತ್ತದೆ, ಏರಿತ್ತು ಕೂಡ. ಆಮೇಲೆ ಎಲುಬು-ಕೀಲು ವೈದ್ಯರು ಹೇಳಿದ್ದು ಬಹಳ ಸರಳ. ಸಕ್ಕರೆ ಹತೋಟಿಯಲ್ಲಿಡುವುದು, ನೋವಿಗೆ ಔಷಧ, ದಿನಕ್ಕೆ ಎರಡು ಮೂರು ಸಲ ನೋವಿನ ಮಿತಿಯೊಳಗೆ ವ್ಯಾಯಾಮ. ಮೇಜಿಗೆ ಒಂದು ಕೈ ಊರಿ ಬಾಗಿ, ನೋಯುವ ಕೈಯನ್ನು ತೊಟ್ಟಿಲ ಹಗ್ಗದಂತೆ ಸಡಿಲ ಬಿಟ್ಟು ತೂಗುವುದು. ಇದೂ ಕಾಡ್‌ಮನ್ನನ ಹೆಸರಿನಲ್ಲೇ ಇದೆ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು. ಅವ್ವ ಗೋಡೆಯ ಮೇಲೆ ಅರಿಶಿನದ ಗುರುತು ಹಾಕಿಕೊಂಡಳು. ಗುರುತು ವಾರಕ್ಕೆ ಬೆರಳಗಲವೂ ಏರುತ್ತಿರಲಿಲ್ಲ. ಒಂದು ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ತನ್ನ ತುರುಬು ತಾನೇ ಕಟ್ಟಿಕೊಂಡಳು. ಸ್ವಲ್ಪ ಓರೆಯಾಗಿತ್ತು.

ಮಣೆ ಎಂಬ ಔಷಧ

ಹಿಂದೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮೈಯ ಭಾರ ಹಿಟ್ಟಿನ ಮೇಲೆ ಬರುತ್ತಿತ್ತು, ಹೆಗಲು ಇಳಿದೇ ಇರುತ್ತಿತ್ತು. ಮೊಣಕಾಲಿಗೆ ಅದು ಕಷ್ಟ ಎಂಬುದೂ ನಿಜ. ಈಗ ನಿಂತು ಮಾಡುವ ಅಡುಗೆಕಟ್ಟೆ ಬಂದಿದೆ. ಆದರೆ ಆ ಕಟ್ಟೆಯ ಎತ್ತರವನ್ನು ನಿರ್ಧರಿಸುವುದು ಗೌಂಡಿ. ಅದರ ಮುಂದೆ ನಿಲ್ಲುವವರನ್ನು ಯಾರೂ ಅಳೆಯುವುದಿಲ್ಲ. ಕಟ್ಟೆ ಎತ್ತರವಾದರೆ ನಾದುವಾಗ ಹೆಗಲುಗಳು ಕಿವಿಯ ಕಡೆ ಏರುತ್ತವೆ. ಆಗ ಹಲಗೆಯನ್ನು ಎತ್ತಿ ಹಿಡಿಯುವ ಕೊರಳಿನ ಸ್ನಾಯುಗಳು ಇಡೀ ಹೊತ್ತು ಬಿಗಿದೇ ಇರುತ್ತವೆ. ಸಂಜೆಗೆ ಕೊರಳು, ಹೆಗಲು, ಕೆಲವೊಮ್ಮೆ ತಲೆಯೂ ನೋಯುತ್ತದೆ. ನೋವು ಕೊರಳಲ್ಲಿ, ಕಾರಣ ಕಟ್ಟೆಯಲ್ಲಿ.

ಒತ್ತಿ ಮಾಡುವ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ಒಂದು ಗೇಣು ಕೆಳಗಿರಬೇಕು. ನಿಂತು, ಕೈ ಇಳಿಬಿಟ್ಟು ಮೊಣಕೈ ಮಡಚಿ, ಅಲ್ಲಿಂದ ಕಟ್ಟೆಗೆ ಗೇಣು ಹಾಕಿ ನೋಡಿ. ಅಷ್ಟು ಅಂತರ ಇಲ್ಲದಿದ್ದರೆ ಕಟ್ಟೆ ಒಡೆಯಬೇಕಿಲ್ಲ, ಕಾಲ ಕೆಳಗೆ ಅಗಲವಾದ, ಅಲುಗಾಡದ ಮಣೆ ಇಟ್ಟುಕೊಂಡರೆ ಆಯಿತು. ದಿನಾ ಬೇಕಾಗುವ ಡಬ್ಬಿಗಳನ್ನು ಅಟ್ಟದಿಂದ ಎದೆಮಟ್ಟಕ್ಕೆ ಇಳಿಸಿ. ನೂರಾರು ರೊಟ್ಟಿ ಮಾಡುವವರು ನಡುನಡುವೆ ಎದ್ದು ಕೈಯನ್ನು ತಲೆಯ ಮೇಲಕ್ಕೂ ಬೆನ್ನ ಹಿಂದಕ್ಕೂ ಒಯ್ಯಬೇಕು. ದಿನವಿಡೀ ಮೈ ಮುಂದಿನ ಒಂದು ಮೊಳದಲ್ಲೇ ಆಡಿದ ಹೆಗಲಿಗೆ ಉಳಿದ ದಾರಿಗಳೂ ನೆನಪಿರಬೇಕಲ್ಲ. ರೊಟ್ಟಿ ಬಡಿಯುವ ಯಂತ್ರ ಬಂದಿರುವುದನ್ನು ಕೆಲವರು ರುಚಿ ಕೆಟ್ಟಿತು ಎಂದು ಬೈಯುತ್ತಾರೆ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈಗಳ ಪರವಾಗಿ ನಾನು ಯಂತ್ರದ ಕಡೆಗಿದ್ದೇನೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಎಡ ಹೆಗಲು, ಎಡಗೈ ದಿಢೀರನೆ ನೋಯಲು ಶುರುವಾಗಿ ಜೊತೆಗೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದರೆ ಅದು ಕೀಲಿನ ನೋವಾಗಿರಲಿಕ್ಕಿಲ್ಲ, ಹೃದಯದ್ದಿರಬಹುದು. ಆಗ ಎಣ್ಣೆ ಹಚ್ಚುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಿದ್ದು ಪೆಟ್ಟಾದ ಮೇಲೆ ಕೈ ಏಳದಿದ್ದರೂ, ಬೆರಳು ಜೋಮು ಹಿಡಿದು ಹಿಡಿದ ವಸ್ತು ಜಾರುತ್ತಿದ್ದರೂ ತಡ ಮಾಡಬಾರದು.

ಹುಬ್ಬಳ್ಳಿಯಲ್ಲಿ 1957ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಅದರ ಆಸ್ಪತ್ರೆಯಲ್ಲಿ ಎಲುಬು-ಕೀಲು ವಿಭಾಗವಿದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ, ಫಿಸಿಯೊಥೆರಪಿ ಕಾಲೇಜು ಇವೆ. ಅವಳಿ ನಗರದಲ್ಲಿ ಹೆಗಲು ತೋರಿಸಲು ಜಾಗಕ್ಕೆ ಬರವಿಲ್ಲ.

ಭಾನುವಾರ ಎಲ್ಲರೂ ಮನೆಯಲ್ಲಿರುತ್ತೀರಿ. ಊಟವಾದ ಮೇಲೆ ಮನೆಯ ಹೆಂಗಸರನ್ನು ‘ಕೈ ನೋಯುತ್ತದೆಯೇ’ ಎಂದು ಕೇಳಬೇಡಿ, ಇಲ್ಲ ಎಂದೇ ಹೇಳುತ್ತಾರೆ. ಎರಡೂ ಕೈ ತಲೆಯ ಹಿಂದೆ ಹಿಡಿದು ತುರುಬು ಕಟ್ಟಿದಂತೆ ಮಾಡಿಸಿ, ಆಮೇಲೆ ಒಂದೊಂದೇ ಕೈಯನ್ನು ಬೆನ್ನ ಹಿಂದೆ ಒಯ್ದು ಹೆಬ್ಬೆರಳು ಎಲ್ಲಿಯವರೆಗೆ ಏರುತ್ತದೆ ನೋಡಿ. ಒಂದು ಕೈ ಇನ್ನೊಂದಕ್ಕಿಂತ ತೀರ ಕೆಳಗೇ ನಿಂತರೆ ಮರುದಿನ ಸೋಮವಾರ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ರೊಟ್ಟಿ ಒಂದು ದಿನ ಖಾನಾವಳಿಯಿಂದ ಬರಲಿ.